ಸಾಕಿದ ದೊಡ್ಡ ಹಾವಿನ ಬಾಯಲ್ಲಿರುವುದು ಯಾವ ಪ್ರಾಣಿ? ಪತ್ತೆಹಚ್ಚುವ ಸಮಗ್ರ ಮಾರ್ಗದರ್ಶಿ

ನಾಲ್ಕು ಮೀಟರ್ ಉದ್ದದ ಬರ್ಮಾ ಹೆಬ್ಬಾವಿನ ಬಾಯಲ್ಲಿ ಬಿಳಿ ತುಪ್ಪಳದ ದೊಡ್ಡದೊಂದು ಮುದ್ದೆ. ವಿಡಿಯೊ ನೋಡಿದವರಲ್ಲಿ ಒಬ್ಬರು ಮೊಲ ಎನ್ನುತ್ತಾರೆ, ಇನ್ನೊಬ್ಬರು ಅಯ್ಯೋ ಬೆಕ್ಕು ಎಂದು ಹೌಹಾರುತ್ತಾರೆ, ಮತ್ತೊಬ್ಬರು ಇಲಿ ಇಷ್ಟು ದಪ್ಪ ಬೆಳೆಯುತ್ತದೆಯೇ ಎಂದು ಕೇಳುತ್ತಾರೆ. ಮೂವರೂ ನೋಡಿದ್ದು ಬಣ್ಣ ಮತ್ತು ಗಾತ್ರವನ್ನು. ಇಡೀ ಪ್ರಾಣಿಯಲ್ಲಿ ಅತಿ ಹೆಚ್ಚು ಮೋಸ ಮಾಡುವುದು ಈ ಎರಡೇ.

ಹಾವು ಸಾಮಾನ್ಯವಾಗಿ ಬೇಟೆಯನ್ನು ತಲೆಯ ಕಡೆಯಿಂದ ನುಂಗುತ್ತದೆ. ಹಾಗೆ ನುಂಗಿದರೆ ಕಾಲುಗಳು ಹಿಂದಕ್ಕೆ ಮಡಚಿಕೊಳ್ಳುತ್ತವೆ, ಕೂದಲು ಅಡ್ಡ ನಿಲ್ಲದೆ ಮಲಗುತ್ತದೆ. ನೋಡುವವರಿಗೆ ಇದರಿಂದ ಆಗುವ ನಷ್ಟವೆಂದರೆ ಮೂತಿ, ಕಿವಿ, ಕಣ್ಣು ಎಲ್ಲಕ್ಕಿಂತ ಮೊದಲು ಒಳಗೆ ಹೋಗಿಬಿಡುತ್ತವೆ. ಕೊನೆಯವರೆಗೂ ಹೊರಗೆ ಉಳಿಯುವುದು ಹಿಂಗಾಲು ಮತ್ತು ಬಾಲ. ಹಾಗಾಗಿ ಗುರುತಿಸುವ ಕೆಲಸ ಹಿಂಬದಿಯಿಂದ ಆರಂಭವಾಗಬೇಕು. ಹಿಂಗಾಲಿನ ಬೆರಳು ಎಣಿಸಲು ಬಂದರೆ ಸಾಮಾನ್ಯವಾಗಿ ಸಾಕುಹಾವಿಗೆ ಹಾಕುವ ಆಹಾರವನ್ನು ಬೇರ್ಪಡಿಸುವುದು ಕಷ್ಟವೇ ಅಲ್ಲ.

ಮೊದಲು ಹಾವು ಯಾವುದು, ಎಲ್ಲಿಯದು ನೋಡಿ

ಬೇಟೆ ಯಾವುದೆಂದು ಕೇಳುವ ಮೊದಲು ಹಾವಿನ ಜಾತಿ ತಿಳಿದರೆ ಅರ್ಧ ಪಟ್ಟಿ ಅಲ್ಲೇ ಅಳಿಸಿಹೋಗುತ್ತದೆ. ಮನೆಗಳಲ್ಲಿ ಹೆಚ್ಚಾಗಿ ಕಾಣುವ ಬಾಲ್ ಪೈಥಾನ್ ದೊಡ್ಡ ಹಾವಲ್ಲ. ಬಲಿತದ್ದು ಒಂದರಿಂದ ಒಂದೂವರೆ ಮೀಟರ್, ತೂಕ ಒಂದೂವರೆ-ಎರಡು ಕಿಲೊ. ಅದರ ಬಾಯಲ್ಲಿರುವುದು ಬಹುತೇಕ ಯಾವಾಗಲೂ ಇಲಿ. ಎರಡು-ಎರಡೂವರೆ ಮೀಟರಿನ ಬೋವಾ ಕನ್‌ಸ್ಟ್ರಿಕ್ಟರ್‌ಗೆ ದೊಡ್ಡ ಇಲಿ, ಆಗೊಮ್ಮೆ ಈಗೊಮ್ಮೆ ಗಿನಿಪಿಗ್ ಅಥವಾ ಮೊಲದ ಮರಿ. ಮೂರೂವರೆ ಮೀಟರ್ ದಾಟಿದ ಬರ್ಮಾ ಹೆಬ್ಬಾವು ಅಥವಾ ಜಾಲ ಹೆಬ್ಬಾವಿಗೆ (ರೆಟಿಕ್ಯುಲೇಟೆಡ್ ಪೈಥಾನ್) ಇಲಿ ಹಾಕುತ್ತಾ ಕೂತರೆ ಹತ್ತಾರು ಬೇಕು, ಖರ್ಚು ಕೈಮೀರುತ್ತದೆ. ಅದಕ್ಕೇ ಅಂಥ ಹಾವಿಗೆ ಬಲಿತ ಮೊಲ ಅಥವಾ ಕೋಳಿ. ಐದು ಮೀಟರಿನ ಆಸುಪಾಸಿನ ಜಾಲ ಹೆಬ್ಬಾವು ಸಾಕಿದ ಕೆಲವರು ಮಾತ್ರ ಹಂದಿಮರಿ, ಮೇಕೆಮರಿಯವರೆಗೆ ಹೋಗುತ್ತಾರೆ.

ಊರು ಕೂಡ ಮುಖ್ಯ. ಅಮೆರಿಕ, ಬ್ರಿಟನ್, ಜರ್ಮನಿಗಳಲ್ಲಿ ಹಾವಿನ ಆಹಾರವೇ ಒಂದು ವ್ಯಾಪಾರ. ಫ್ರೀಜ್ ಮಾಡಿದ ಇಲಿ, ಮೊಲ, ಕೋಳಿಮರಿ ತೂಕದ ಚೀಟಿ ಹಚ್ಚಿಕೊಂಡು ಬರುತ್ತವೆ. ಅಮೆರಿಕದಲ್ಲಿ ಬರ್ಮಾ ಹೆಬ್ಬಾವನ್ನು 2012ರಲ್ಲಿ, ಜಾಲ ಹೆಬ್ಬಾವು ಮತ್ತು ಹಸಿರು ಅನಕೊಂಡವನ್ನು 2015ರಲ್ಲಿ ಹಾನಿಕಾರಕ ಜೀವಿಗಳ ಪಟ್ಟಿಗೆ ಸೇರಿಸಿ ಆಮದು ನಿಲ್ಲಿಸಲಾಯಿತು. ಅಲ್ಲಿ ಈಗಲೂ ಇರುವವು ಹೆಚ್ಚಾಗಿ ಹಳೆಯ ಸಾಕುಹಾವುಗಳು, ಇಲ್ಲವೇ ಒಳನಾಡಿನಲ್ಲೇ ಮರಿ ಮಾಡಿಸಿದವು.

ಭಾರತದ ಲೆಕ್ಕ ಬೇರೆ. ನಮ್ಮ ಹೆಬ್ಬಾವು, ಈಶಾನ್ಯದಲ್ಲಿ ಸಿಗುವ ಬರ್ಮಾ ಹೆಬ್ಬಾವು, ನಿಕೋಬಾರ್ ಮತ್ತು ಈಶಾನ್ಯದ ಜಾಲ ಹೆಬ್ಬಾವು ಮೂರೂ ಇಲ್ಲಿಯ ಕಾಡಿನ ಪ್ರಾಣಿಗಳು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಮನೆಯಲ್ಲಿ ಸಾಕುವಂತಿಲ್ಲ. ಬಾಲ್ ಪೈಥಾನ್, ಬೋವಾಗಳಂಥ ಹೊರದೇಶದ ಹಾವು ಇಟ್ಟುಕೊಂಡವರು 2022ರ ತಿದ್ದುಪಡಿ ಮತ್ತು 2024ರ ನಿಯಮಗಳಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಬೆಂಗಳೂರಿನ ಯಾವುದೋ ಮನೆಯಲ್ಲಿ ನಮ್ಮ ಹೆಬ್ಬಾವು ಕೋಳಿ ನುಂಗುವ ವಿಡಿಯೊ ಕಂಡರೆ, ಕೋಳಿಯೋ ಬಾತುಕೋಳಿಯೋ ಎಂಬುದು ಎರಡನೆಯ ಪ್ರಶ್ನೆ.

ಗಾತ್ರಕ್ಕೆ ಒಂದು ಅಳತೆಗೋಲು ಹುಡುಕಿ

ಕ್ಯಾಮೆರಾಗೆ ಹತ್ತಿರ ಹಿಡಿದ ಇಲಿ ಮೊಲದಷ್ಟು ಕಾಣುತ್ತದೆ. ಹಾವಿನ ಉದ್ದವನ್ನೇ ನಂಬಿ ಅಂದಾಜು ಮಾಡಬೇಡಿ. ಸುರುಳಿ ಸುತ್ತಿದ ಹಾವಿನ ಉದ್ದವನ್ನು ಕಣ್ಣಳತೆಯಲ್ಲಿ ಹೇಳುವವರು ಬಹುಪಾಲು ಹೆಚ್ಚೇ ಹೇಳುತ್ತಾರೆ. ಬದಲಿಗೆ ಅದೇ ದೂರದಲ್ಲಿರುವ, ಅಳತೆ ಗೊತ್ತಿರುವ ವಸ್ತು ಹುಡುಕಿ. ನೆಲದ ಹೆಂಚು, ನೀರಿನ ಬೋಗುಣಿ, ಹಾಸಿದ ದಿನಪತ್ರಿಕೆಯ ಅಂಕಣದ ಅಗಲ, ಪ್ರಾಣಿಯನ್ನು ಹಿಡಿದ ಉದ್ದದ ಇಕ್ಕಳ, ಮನುಷ್ಯನ ಕೈ. ಬಲಿತವರ ಅಂಗೈ ಅಗಲ ಎಂಟೊಂಬತ್ತು ಸೆಂಟಿಮೀಟರ್. ಹಿಂಗಾಲಿನ ಪಾದ ಅಂಗೈ ಅಗಲದ ಅರ್ಧವಿದ್ದರೆ ಇಲಿ, ಅಂಗೈಯನ್ನು ಮೀರಿದ್ದರೆ ಬಲಿತ ಮೊಲ.

ಗಾತ್ರಗಳನ್ನು ಒಮ್ಮೆ ನೆನಪಿನಲ್ಲಿಟ್ಟುಕೊಳ್ಳಿ. ಬಲಿತ ಚಿಟ್ಟಿಲಿ (ಇಂಗ್ಲಿಷಿನ ಮೌಸ್) 25ರಿಂದ 40 ಗ್ರಾಂ, ಬಾಲ 7ರಿಂದ 10 ಸೆಂಟಿಮೀಟರ್. ಬಲಿತ ಇಲಿ 250ರಿಂದ 500 ಗ್ರಾಂ, ಬಾಲ 17ರಿಂದ 22 ಸೆಂಟಿಮೀಟರ್, ಪಾದ ನಾಲ್ಕು ಸೆಂಟಿಮೀಟರಿನ ಆಸುಪಾಸು. ಗಿನಿಪಿಗ್ 700ರಿಂದ 1,200 ಗ್ರಾಂ, ಉದ್ದ 20ರಿಂದ 25 ಸೆಂಟಿಮೀಟರ್. ಮಾಂಸಕ್ಕೆಂದು ಸಾಕುವ ನ್ಯೂಜಿಲೆಂಡ್ ಬಿಳಿ ಮೊಲ ಪೂರ್ತಿ ಬಲಿತರೆ ನಾಲ್ಕೈದು ಕಿಲೊ, ಆದರೆ ಹಾವಿಗೆ ಹಾಕುವುದು ಹೆಚ್ಚಾಗಿ ಒಂದರಿಂದ ಮೂರು ಕಿಲೊ ಇರುವಾಗಲೇ. ಒಂದು ದಿನದ ಕೋಳಿಮರಿ 40 ಗ್ರಾಂ, ಜಪಾನಿ ಕ್ವೇಲ್ ಹಕ್ಕಿ ಸುಮಾರು 120ರಿಂದ 200 ಗ್ರಾಂ, ಆಗ ತಾನೆ ಹುಟ್ಟಿದ ಹಂದಿಮರಿ ಒಂದು-ಒಂದೂವರೆ ಕಿಲೊ.

ಇಲ್ಲಿ ಒಂದು ಎಚ್ಚರಿಕೆ. ಹಾವಿನ ಅತಿ ದಪ್ಪ ಭಾಗದಷ್ಟೇ ದಪ್ಪದ ಬೇಟೆ ಕೊಡುವುದು ಸಾಕುವವರ ಪದ್ಧತಿ. ಅದನ್ನು ಹಾವಿನ ಶಕ್ತಿಯ ಮಿತಿ ಎಂದು ತಿಳಿಯಬೇಡಿ. 2015ರಲ್ಲಿ ಫ್ಲಾರಿಡಾದಲ್ಲಿ ಹಿಡಿದ 31.5 ಪೌಂಡ್ ತೂಕದ ಬರ್ಮಾ ಹೆಬ್ಬಾವು ಕಕ್ಕಿದ್ದು 35 ಪೌಂಡ್ ತೂಕದ ಜಿಂಕೆಮರಿಯನ್ನು. ತನಗಿಂತ ಭಾರದ ಪ್ರಾಣಿಯನ್ನೇ ಅದು ನುಂಗಿತ್ತು. "ಈ ಹಾವಿನ ಬಾಯಲ್ಲಿ ಅದು ಹಿಡಿಯುವುದಿಲ್ಲ, ಹಾಗಾಗಿ ಅದಲ್ಲ" ಎಂಬ ವಾದ ತಪಸ್ವಿಯ ಶಾಪದಷ್ಟು ಗಟ್ಟಿಯೇನಲ್ಲ.

ವಿಡಿಯೊವನ್ನು ಹಿಂದಿನಿಂದ ಮುಂದಕ್ಕೆ ನೋಡಿ

ಮೊದಲು ಕೊನೆಯ ಅರ್ಧ ನಿಮಿಷಕ್ಕೆ ಹೋಗಿ. ಹಿಂಗಾಲುಗಳೆರಡೂ ಜೋಡಿಯಾಗಿ ಬಾಯಿಂದ ಹೊರಗೆ ಚಾಚಿರುವ ಕ್ಷಣ ಅಲ್ಲಿರುತ್ತದೆ. ವೇಗವನ್ನು ಕಾಲು ಭಾಗಕ್ಕೆ ಇಳಿಸಿ. ಯೂಟ್ಯೂಬ್‌ನಲ್ಲಾದರೆ ವಿಡಿಯೊ ನಿಲ್ಲಿಸಿ, ಕೀಲಿಮಣೆಯ ಅಲ್ಪವಿರಾಮ ಮತ್ತು ಪೂರ್ಣವಿರಾಮದ ಗುಂಡಿ ಒತ್ತುತ್ತಾ ಒಂದೊಂದೇ ಚೌಕಟ್ಟು ಹಿಂದೆ ಮುಂದೆ ಸರಿಸಬಹುದು. ಪಾದ ಸ್ಪಷ್ಟವಾಗಿ ಕಾಣುವ ಮೂರು-ನಾಲ್ಕು ಚೌಕಟ್ಟು ಸಿಕ್ಕರೆ ಪರದೆಯ ಚಿತ್ರ ತೆಗೆದಿಟ್ಟುಕೊಳ್ಳಿ. ಒಂದೇ ಚೌಕಟ್ಟಿನಲ್ಲಿ ಬೆರಳು ಎಣಿಸಬೇಡಿ. ಒಂದರ ಹಿಂದೆ ಒಂದು ಬೆರಳು ಅಡಗಿ ಐದು ನಾಲ್ಕಾಗುತ್ತದೆ, ನಾಲ್ಕು ಮೂರಾಗುತ್ತದೆ.

ಆಮೇಲೆ ಆರಂಭಕ್ಕೆ ಹೋಗಿ ಇಕ್ಕಳದಲ್ಲಿ ಹಿಡಿದ ಕ್ಷಣವನ್ನೋ, ಹಾವು ಎರಗಿದ ಕ್ಷಣವನ್ನೋ ನೋಡಿ. ಕಿವಿ, ಮೂತಿ ಕಾಣುವುದು ಅಲ್ಲೊಂದೇ ಕಡೆ. ನಡುವಿನ ಇಪ್ಪತ್ತು ನಿಮಿಷದಲ್ಲಿ ಬೆನ್ನಿನ ತುಪ್ಪಳ ಬಿಟ್ಟರೆ ಬೇರೇನೂ ಸಿಗುವುದಿಲ್ಲ, ಅದನ್ನು ನೋಡಿ ಸಮಯ ಕಳೆಯಬೇಡಿ.

ಕೆಲವು ಹಾವುಗಳು ತಲೆ ಹುಡುಕಲು ತಪ್ಪಿ ಹಿಂಬದಿಯಿಂದ ನುಂಗಲು ಶುರುಮಾಡುತ್ತವೆ. ಆಗ ತುಪ್ಪಳ ನಿಮಿರಿ ನಿಲ್ಲುತ್ತದೆ, ಕಾಲುಗಳು ಎರಡೂ ಪಕ್ಕಕ್ಕೆ ಕವಲೊಡೆಯುತ್ತವೆ, ಹಾವು ಹೆಣಗುತ್ತದೆ. ಅಂಥ ವಿಡಿಯೊ ಸಿಕ್ಕರೆ ನಿಮ್ಮ ಅದೃಷ್ಟ, ಮುಖ ಕೊನೆಯವರೆಗೂ ಹೊರಗೇ ಇರುತ್ತದೆ.

ಹಿಂಗಾಲು ಮತ್ತು ಬಾಲ

ಬಾಲದಿಂದ ಶುರುಮಾಡೋಣ. ಕೂದಲಿಲ್ಲದ, ಉಂಗುರ ಉಂಗುರವಾಗಿ ಸಣ್ಣ ಹುರುಪೆ ಕಾಣುವ ಉದ್ದ ಬಾಲ ಇದ್ದರೆ ಅದು ಇಲಿ ಅಥವಾ ಚಿಟ್ಟಿಲಿ. ನುಂಗಿ ಮುಗಿದ ಮೇಲೂ ಕೆಲವು ಕ್ಷಣ ದಾರದಂತೆ ಬಾಯಿಂದ ನೇತಾಡುವುದು ಇದೇ. ಇಲಿಯ ಬಾಲದ ಬುಡ ದಪ್ಪ, ತುದಿಗೆ ಹೋಗುತ್ತಾ ಸಣ್ಣಗಾಗುತ್ತದೆ. ಚಿಟ್ಟಿಲಿಯದ್ದು ಬುಡದಿಂದಲೇ ತೆಳ್ಳಗೆ. ಬಲಿತ ಚಿಟ್ಟಿಲಿಯನ್ನೂ ಇಲಿಮರಿಯನ್ನೂ ಒಂದೇ ಎಂದು ತಿಳಿಯುವವರು ಬಹಳ. ಇಲಿಮರಿಯ ತಲೆ ಮತ್ತು ಪಾದ ಮೈಗೆ ಹೋಲಿಸಿದರೆ ಅತಿ ದೊಡ್ಡದು, ನಾಯಿಮರಿಯ ಕಾಲಿನ ಹಾಗೆ. ಚಿಟ್ಟಿಲಿಯ ಪಾದ ನವಿರು, ಕಿವಿ ಮಾತ್ರ ತಲೆಗೆ ಮೀರಿದಷ್ಟು ಅಗಲ. ಇವೆರಡರ ನಡುವೆ ಆಫ್ರಿಕಾದ ಮೃದುತುಪ್ಪಳದ ಇಲಿ ಎಂಬ ಮೂರನೆಯದೂ ಬಾಲ್ ಪೈಥಾನ್ ಸಾಕುವವರಲ್ಲಿ ಚಾಲ್ತಿಯಲ್ಲಿದೆ. ಬಲಿತದ್ದು ಚಿಟ್ಟಿಲಿಗಿಂತ ದೊಡ್ಡದು, ಇಲಿಗಿಂತ ಚಿಕ್ಕದು. ಕಂದುಬೆನ್ನಿನ, ಬಿಳಿಹೊಟ್ಟೆಯ ಮಧ್ಯಮ ಇಲಿಯನ್ನು ಕಂಡು ಗೊಂದಲವಾದರೆ ಇದನ್ನು ನೆನಪಿಸಿಕೊಳ್ಳಿ.

ಬಾಲವೇ ಕಾಣದಿದ್ದರೆ ಕೂಡಲೇ ಗಿನಿಪಿಗ್ ಎಂದು ತೀರ್ಮಾನಿಸುವುದು ಅತಿ ಸಾಮಾನ್ಯ ತಪ್ಪು. ಇಲಿಯ ಬಾಲ ಹೊಟ್ಟೆಯಡಿ ಮಡಚಿಕೊಂಡಿರಬಹುದು, ಹಾವಿನ ಸುರುಳಿಯ ಹಿಂದೆ ಅಡಗಿರಬಹುದು. ಇಲ್ಲಿ ಬೆರಳು ಎಣಿಸಬೇಕು. ಗಿನಿಪಿಗ್‌ನ ಹಿಂಗಾಲಿಗೆ ಮೂರೇ ಬೆರಳು, ಮುಂಗಾಲಿಗೆ ನಾಲ್ಕು. ಇಲಿ, ಚಿಟ್ಟಿಲಿ, ಹ್ಯಾಮ್‌ಸ್ಟರ್‌ಗಳ ಹಿಂಗಾಲಿಗೆ ಐದು. ಮೂರು ಬೆರಳಿನ, ಕೂದಲಿಲ್ಲದ ಅಂಗಾಲು, ಬಾಲವಿಲ್ಲದ ಗುಂಡನೆಯ ಹಿಂಬದಿ ಒಟ್ಟಿಗೆ ಕಂಡರೆ ಗಿನಿಪಿಗ್ ಎಂದು ಖಚಿತವಾಗಿ ಬರೆಯಿರಿ. ಹ್ಯಾಮ್‌ಸ್ಟರ್‌ಗೆ ಬಾಲ ಇದೆ, ಆದರೆ ಒಂದೆರಡು ಸೆಂಟಿಮೀಟರಿನ ಮೊಳಕೆ ಅಷ್ಟೇ. ಜರ್ಬಿಲ್‌ಗೆ ಬಾಲದ ಉದ್ದಕ್ಕೂ ಕೂದಲು, ತುದಿಯಲ್ಲಿ ಸಣ್ಣ ಕುಚ್ಚು.

ಮೊಲದ ಅಂಗಾಲು ನೋಡಿದರೆ ಬೇರೆ ಸಾಕ್ಷಿಯೇ ಬೇಡ. ಇಲಿಗೆ, ಗಿನಿಪಿಗ್‌ಗೆ, ಬೆಕ್ಕಿಗೆ, ನಾಯಿಗೆ ಅಂಗಾಲಿನಲ್ಲಿ ಬರಿಯ ಚರ್ಮದ ಮೆತ್ತೆ ಇರುತ್ತದೆ. ಮೊಲಕ್ಕೆ ಇಲ್ಲ. ಅದರ ಪಾದದ ತಳವೆಲ್ಲ ಒತ್ತಾದ ತುಪ್ಪಳ. ಹಿಂಗಾಲಿಗೆ ನಾಲ್ಕು ಬೆರಳು, ಪಾದ ಉದ್ದ ಮತ್ತು ಇಕ್ಕಟ್ಟು, ಹಾವಿನ ಬಾಯಿಂದ ಎರಡು ಹುಟ್ಟುಗಳಂತೆ ಚಾಚಿಕೊಂಡಿರುತ್ತದೆ. ಬಾಲ ಚಿಕ್ಕ ಗೊಂಡೆ. ಬಿಳಿಯ ಬೆಕ್ಕು ಎಂದು ಗಾಬರಿಯಾಗುವವರು ಮೊದಲು ನೋಡಬೇಕಾದ್ದು ಈ ಅಂಗಾಲನ್ನೇ. ಬೆಕ್ಕಿನದಾದರೆ ನಾಲ್ಕು ಬೆರಳಿಗೂ ಒಂದೊಂದು ಗುಂಡು ಮೆತ್ತೆ, ನಡುವೆ ದೊಡ್ಡದೊಂದು, ಜೊತೆಗೆ ಹಗ್ಗದಂಥ ಉದ್ದ ಬಾಲ. ಅಂಗಾಲಿನಲ್ಲಿ ಮೆತ್ತೆ ಇದ್ದು ಉಗುರು ಒಳಸರಿದಿದ್ದರೆ ಬೆಕ್ಕು, ಉಗುರು ಮೊಂಡಾಗಿ ಹೊರಗೇ ಇದ್ದರೆ ನಾಯಿಮರಿ.

ಗೊರಸು ಕಂಡರೆ ಕೆಲಸ ಸುಲಭ. ಮೇಕೆ, ಕುರಿ, ಹಂದಿ ಮೂರಕ್ಕೂ ಸೀಳುಗೊರಸು. ಕೂದಲು ವಿರಳವಾಗಿ ಗುಲಾಬಿ ಚರ್ಮ ಕಂಡರೆ ಹಂದಿಮರಿ. ಮೇಕೆಮರಿಯ ಕಾಲು ಸಪೂರ, ಉದ್ದ, ಮೈತುಂಬ ಕೂದಲು.

ಹಕ್ಕಿಯಾದರೆ

ಹಕ್ಕಿಯನ್ನು ಗುರುತಿಸಲು ಯಾರೂ ತಡಕಾಡುವುದಿಲ್ಲ, ಯಾವ ಹಕ್ಕಿ ಎಂಬಲ್ಲಿ ತಡಕಾಡುತ್ತಾರೆ. ಇಲ್ಲಿಯೂ ಕೊನೆಗೆ ಉಳಿಯುವುದು ಕಾಲೇ. ಹುರುಪೆಯ ಹಳದಿ ಅಥವಾ ಬೂದು ಕಾಲು, ಮುಂದಕ್ಕೆ ಮೂರು ಹಿಂದಕ್ಕೆ ಒಂದು ಬೆರಳು ಇದ್ದರೆ ಕೋಳಿ. ಬೆರಳ ನಡುವೆ ತೊಗಲು ಇದ್ದರೆ ಬಾತುಕೋಳಿ. ಕಾಲು ಕೆಂಪಾಗಿ ಗಿಡ್ಡವಾಗಿದ್ದರೆ ಪಾರಿವಾಳ. ಮುಷ್ಟಿಯಷ್ಟು ಮೈ, ಕಂದು ಗರಿಯ ಮೇಲೆ ತಿಳಿಗೆರೆಗಳಿದ್ದರೆ ಕ್ವೇಲ್. ಹಳದಿ ಕೋಳಿಮರಿಗಳು ಬಹುಪಾಲು ಮೊಟ್ಟೆ ಉದ್ದಿಮೆಯ ಗಂಡುಮರಿಗಳು. ಯುರೋಪಿನಲ್ಲಿ ಹಾವು, ಗಿಡುಗಗಳ ಆಹಾರವಾಗಿ ಮೂಟೆಗಟ್ಟಲೆ ಮಾರಾಟವಾಗುತ್ತವೆ. ಆದರೆ ನಾಲ್ಕು ಮೀಟರಿನ ಹೆಬ್ಬಾವಿಗೆ ಅದು ಅರೆಕಾಸಿನ ಮಜ್ಜಿಗೆ. ಅಂಥ ಹಾವಿನ ಬಾಯಲ್ಲಿ ಹಳದಿ ತುಪ್ಪುಳು ಕಂಡರೆ ಒಂದಲ್ಲ, ಸಾಲಾಗಿ ಹಲವನ್ನು ಕೊಡುತ್ತಿದ್ದಾರೆ ಎಂದು ತಿಳಿಯಿರಿ.

ಬಣ್ಣಕ್ಕೆ ಮರುಳಾಗಬೇಡಿ

ಬಿಳಿ ಎಂದರೆ ಮೊಲ ಎಂಬ ನಂಬಿಕೆ ಎಲ್ಲಿಂದ ಬಂತೋ! ಪ್ರಯೋಗಾಲಯದ ಇಲಿ ಬಿಳಿ, ಚಿಟ್ಟಿಲಿ ಬಿಳಿ, ಗಿನಿಪಿಗ್‌ನಲ್ಲೂ ಬಿಳಿ ಇದೆ. ತಲೆ-ಭುಜ ಕಪ್ಪು, ಉಳಿದದ್ದು ಬಿಳಿ ಇರುವ ಇಲಿಯನ್ನು ಅರ್ಧ ನುಂಗಿದ ಮೇಲೆ ನೋಡಿದರೆ ಅದೂ ಪೂರ್ತಿ ಬಿಳಿ ಪ್ರಾಣಿಯೇ.

ಇನ್ನೂ ದೊಡ್ಡ ತೊಡಕು ಒದ್ದೆಯದು. ಫ್ರೀಜರ್‌ನಿಂದ ತೆಗೆದದ್ದನ್ನು ಬಿಸಿನೀರಿನಲ್ಲಿ ಕರಗಿಸಿ ಕೊಡುತ್ತಾರೆ. ಒದ್ದೆ ತುಪ್ಪಳ ಗೊಂಚಲು ಗೊಂಚಲಾಗಿ ಮುಳ್ಳಿನಂತೆ ನಿಲ್ಲುತ್ತದೆ, ಒಂದು ಛಾಯೆ ಕಪ್ಪಾಗುತ್ತದೆ, ಪ್ರಾಣಿಯ ಗಾತ್ರ ಮುಕ್ಕಾಲಿಗೆ ಇಳಿದಂತೆ ಕಾಣುತ್ತದೆ. ಒದ್ದೆ ಗಿನಿಪಿಗ್ ಅನ್ನು ಮುಳ್ಳುಹಂದಿಮರಿ ಎಂದು ಹೇಳಿದರೆ ತೀರಾ ಆಶ್ಚರ್ಯಪಡಬೇಕಿಲ್ಲ. ಹಾವಿನ ಎಂಜಲು ಸೇರಿದರೆ ಇನ್ನೂ ಕಷ್ಟ. ತಾಪ ಹೆಚ್ಚಿಸುವ ಕೆಂಪು ದೀಪದಡಿ ತೆಗೆದ ಚಿತ್ರದಲ್ಲಂತೂ ಬಣ್ಣವನ್ನು ಮರೆತುಬಿಡಿ.

ಪ್ರಾಣಿ ಜೀವಂತವಿತ್ತೇ, ಮೊದಲೇ ಸತ್ತದ್ದೇ ಎಂಬುದೂ ಜನ ಕೇಳುವ ಪ್ರಶ್ನೆ. ಇಕ್ಕಳದಲ್ಲಿ ಅಲುಗಾಡಿಸಿದರೆ, ತುಪ್ಪಳ ಒದ್ದೆಯಾಗಿದ್ದರೆ, ಕಾಲು ಒಂದೇ ಭಂಗಿಯಲ್ಲಿ ಬಿಗಿದಿದ್ದರೆ ಅದು ಫ್ರೀಜರ್‌ನದು. ಹಾವು ಸುತ್ತಿ ಬಿಗಿದ ಮಾತ್ರಕ್ಕೆ ಬೇಟೆ ಜೀವಂತವಿತ್ತು ಎನ್ನಲಾಗದು. ಸತ್ತದ್ದನ್ನೂ ಹಾವು ಅಭ್ಯಾಸಬಲದಿಂದ ಸುತ್ತಿ ಹಿಂಡುತ್ತದೆ. ಸಾಕುವವರು ಸತ್ತದ್ದನ್ನೇ ಕೊಡುವುದಕ್ಕೆ ಕಾರಣವಿದೆ. ಜೀವಂತ ಇಲಿ ತಿರುಗಿ ಕಚ್ಚಿ ಹಾವಿನ ಕಣ್ಣು, ಬೆನ್ನು ಕಿತ್ತುಹಾಕಬಲ್ಲದು.

ಕಾಲು, ಬಾಲ, ತುಪ್ಪಳ ಏನೂ ಇಲ್ಲದೆ ನಯವಾದ ಮಾಂಸದ ಉದ್ದ ತುಂಡೊಂದು ಕಂಡರೆ? ಮೊಲ ಅಥವಾ ಕ್ವೇಲ್ ಹಕ್ಕಿಯನ್ನು ಇಡಿಯಾಗಿ ಅರೆದು ಸಾಸೇಜಿನಂತೆ ತುಂಬಿದ ಆಹಾರ ಇರಬಹುದು. ನೋಡಿ ಹೇಳುವ ದಾರಿ ಇಲ್ಲ, ಪೊಟ್ಟಣದ ಚೀಟಿ ಕೇಳಿ.

ನುಂಗಿ ಮುಗಿದಿದ್ದರೆ: ಉಬ್ಬು, ತೂಕ, ಎಕ್ಸ್‌ರೇ

ಮನೆಗೆ ಬಂದಾಗ ಹಾವಿನ ನಡುವೆ ಉಬ್ಬು, ಪಂಜರದ ಬಾಗಿಲು ತೆರೆದಿದೆ, ಬೆಕ್ಕು ಕಾಣುತ್ತಿಲ್ಲ. ಆಗ ಆಟದ ಊಹೆ ನಿಜವಾದ ಪತ್ತೇದಾರಿಕೆಯಾಗುತ್ತದೆ. ಮೊಟ್ಟಮೊದಲು ಮಾಡಬಾರದ್ದು ಹಾವನ್ನು ಎತ್ತುವುದು, ಉಬ್ಬನ್ನು ಒತ್ತಿ ನೋಡುವುದು. ನುಂಗಿದ ಎರಡು ದಿನದೊಳಗೆ ಕೆದಕಿದರೆ ಹಾವು ಕಕ್ಕಿಬಿಡುತ್ತದೆ. ಹೊಟ್ಟೆಯ ಆಮ್ಲ ಗಂಟಲು ಸುಡುತ್ತದೆ, ನೀರಿನಂಶ ನಷ್ಟವಾಗುತ್ತದೆ, ಮತ್ತೆ ಊಟ ಕೊಡಲು ಕನಿಷ್ಠ ಎರಡು ವಾರ ಕಾಯಬೇಕು. ಜೊತೆಗೆ ಆಹಾರದ ವಾಸನೆಯಲ್ಲಿರುವ ದೊಡ್ಡ ಹಾವು ಕೈಯನ್ನೂ ಬೇಟೆ ಎಂದೇ ತಿಳಿಯುತ್ತದೆ. ಎರಡೂವರೆ ಮೀಟರ್ ಮೀರಿದ ಹಾವಿನ ಹತ್ತಿರ ಒಬ್ಬರೇ ಹೋಗಬೇಡಿ.

ಉಬ್ಬು ಎಲ್ಲಿದೆ ನೋಡಿ. ಹಾವಿನ ಉದ್ದವನ್ನು ಮೂರು ಪಾಲು ಮಾಡಿದರೆ ಜಠರ ಇರುವುದು ನಡುವಿನ ಪಾಲಿನಲ್ಲಿ. ಅಲ್ಲಿರುವ ಒಂಟಿ ಉಬ್ಬು ಊಟ. ಹಿಂದಿನ ಪಾಲಿನಲ್ಲಿ ಸಾಲಾಗಿ ಉಬ್ಬುಗಳಿದ್ದರೆ ಮೊಟ್ಟೆಗಳಿರಬಹುದು, ಬಾಲದ ಹತ್ತಿರ ಗಟ್ಟಿಯಾಗಿದ್ದರೆ ಮಲಬದ್ಧತೆ. ಉಬ್ಬಿನ ಆಕಾರದಿಂದ ಜಾತಿ ಹೇಳುವುದು ಕಷ್ಟ. ಹೇಳಬಹುದಾದ್ದು ಒಂದೇ ದೊಡ್ಡ ಪ್ರಾಣಿಯೋ, ಸಣ್ಣವು ಹಲವೋ ಎಂದಷ್ಟೇ. ಮೊದಲ ದಿನ ಉಬ್ಬು ಇನ್ನಷ್ಟು ದಪ್ಪವಾಗುವುದೂ ಉಂಟು, ಒಳಗೆ ಅನಿಲ ಸೇರಿರುತ್ತದೆ.

ತೂಕ ಇದಕ್ಕಿಂತ ಒಳ್ಳೆಯ ಸಾಕ್ಷಿ, ಊಟಕ್ಕೆ ಮೊದಲಿನ ತೂಕ ಬರೆದಿಟ್ಟಿದ್ದರೆ ಮಾತ್ರ. ನಾಲ್ಕನೆಯ ದಿನ ಹಾವನ್ನು ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ತೂಗಿ, ಡಬ್ಬಿಯ ತೂಕ ಕಳೆಯಿರಿ. ಅಷ್ಟರಲ್ಲಿ ಒಂದಿಷ್ಟು ತೂಕ ಉಸಿರು, ಮೂತ್ರದಲ್ಲಿ ಇಳಿದಿರುತ್ತದೆ, ಗ್ರಾಂ ಲೆಕ್ಕ ಹಿಡಿಯಬೇಡಿ. 300 ಗ್ರಾಂ ಇಲಿಯೋ ಮೂರು ಕಿಲೊ ಬೆಕ್ಕೋ ಎಂಬ ಪ್ರಶ್ನೆಗೆ ಈ ಒರಟು ಲೆಕ್ಕವೇ ಸಾಕು. ಫ್ರೀಜರ್‌ನಲ್ಲಿ ಉಳಿದ ಇಲಿಗಳನ್ನು ಎಣಿಸುವುದನ್ನೂ ಮರೆಯಬೇಡಿ. ಮನೆಯ ಇನ್ನೊಬ್ಬರು ಹೇಳದೆ ಊಟ ಹಾಕಿರುವ ಪ್ರಸಂಗಗಳೇ ಹೆಚ್ಚು.

ಸಾಕುಪ್ರಾಣಿ ಕಾಣೆಯಾಗಿದ್ದರೆ ನಾಲ್ಕು ದಿನ ಕಾಯುವ ಪ್ರಶ್ನೆಯೇ ಇಲ್ಲ. ಸರೀಸೃಪ ಬಲ್ಲ ಪಶುವೈದ್ಯರಿಗೆ ಫೋನ್ ಮಾಡಿ, ಕಕ್ಕುವ ಅಪಾಯವನ್ನು ತೂಗಿ ನೋಡಿ, ಮೊದಲ ಒಂದೆರಡು ದಿನದಲ್ಲೇ ಎಕ್ಸ್‌ರೇ ತೆಗೆಸಿ. ತಲೆಬುರುಡೆ, ಹಲ್ಲು, ಉಗುರು ಸ್ಪಷ್ಟವಾಗಿ ಕಾಣುವುದು ಆಗಲೇ. ಮೊಲಕ್ಕೆ ಮೇಲಿನ ಎರಡು ಬಾಚಿಹಲ್ಲಿನ ಹಿಂದೆ ಇನ್ನೂ ಎರಡು ಪುಟ್ಟ ಹಲ್ಲು ಇರುತ್ತವೆ, ಇಲಿಗೆ ಇಲ್ಲ. ಬೆಕ್ಕು, ನಾಯಿಗೆ ಕೋರೆಹಲ್ಲು ಎದ್ದು ಕಾಣುತ್ತದೆ, ಮೊಲ-ಇಲಿ-ಗಿನಿಪಿಗ್‌ಗಳಿಗೆ ಕೋರೆಯೇ ಇಲ್ಲ. ಕೊರಳಪಟ್ಟಿಯ ಲೋಹ ಕಂಡರೆ ಮುಗಿಯಿತು. ಕಾಣೆಯಾದ ಪ್ರಾಣಿಗೆ ಚರ್ಮದಡಿ ಗುರುತಿನ ಮೈಕ್ರೋಚಿಪ್ ಹಾಕಿಸಿದ್ದರೆ ಇನ್ನೂ ಸುಲಭ. ಹಾವಿನ ಉಬ್ಬಿನ ಮೇಲೆ ಸ್ಕ್ಯಾನರ್ ಆಡಿಸಿ ಹದಿನೈದು ಅಂಕಿಯ ಸಂಖ್ಯೆ ಓದಿಕೊಳ್ಳಬಹುದು. ಹಾವಿಗೂ ಚಿಪ್ ಇದ್ದರೆ ಅದರ ಸಂಖ್ಯೆಯೇ ಬಂದೀತು, ಎರಡನ್ನೂ ತಾಳೆ ನೋಡಿ.

ತಡ ಮಾಡಿದರೆ ಏನಾಗುತ್ತದೆ? ಉಪವಾಸದಲ್ಲಿ ತಟಸ್ಥವಾಗಿರುವ ಬರ್ಮಾ ಹೆಬ್ಬಾವಿನ ಜಠರ ಊಟದ ನಂತರ ಒಂದೆರಡು ದಿನದೊಳಗೆ ತೀವ್ರ ಆಮ್ಲವಾಗುತ್ತದೆ, ಪಿಎಚ್ ಎರಡಕ್ಕಿಂತ ಕೆಳಗೆ ಇಳಿಯುತ್ತದೆ. ಡೆನ್ಮಾರ್ಕ್‌ನ ಆರ್ಹುಸ್ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಐದು ಕಿಲೊ ತೂಕದ ಹೆಬ್ಬಾವಿಗೆ ಇಲಿ ಕೊಟ್ಟು ಸಿ.ಟಿ. ಸ್ಕ್ಯಾನ್‌ನಲ್ಲಿ ಹಿಂಬಾಲಿಸಿದರು. 132 ಗಂಟೆ, ಅಂದರೆ ಐದೂವರೆ ದಿನದ ಹೊತ್ತಿಗೆ ಇಲಿಯ ದೇಹ ಕರಗಿ ಹೋಗಿತ್ತು. ಎಲುಬೂ ಉಳಿಯುವುದಿಲ್ಲ. ದೊಡ್ಡ ಪ್ರಾಣಿಗೆ, ತಂಪು ಪಂಜರದಲ್ಲಿ ಹೆಚ್ಚು ದಿನ ಹಿಡಿಯುತ್ತದೆ.

ಕೊನೆಯ ಸಾಕ್ಷಿ: ಮಲದಲ್ಲಿನ ಕೂದಲು

ಎಲುಬು ಕರಗಿದರೂ ಕೂದಲು, ಗರಿ, ಉಗುರು, ಗೊರಸಿನ ಕವಚ ಕರಗುವುದಿಲ್ಲ. ಅವೆಲ್ಲ ಕೆರಾಟಿನ್ ಎಂಬ ಗಟ್ಟಿ ಪ್ರೋಟೀನ್. ಹಲ್ಲಿನ ದಂತಕವಚದ ಚೂರೂ ಕೆಲವೊಮ್ಮೆ ಸಿಗುತ್ತದೆ. ದೊಡ್ಡ ಹೆಬ್ಬಾವು ವಾರಗಟ್ಟಲೆ ಮಲ ಹಾಕದೆ ಇರಬಹುದು, ತಾಳ್ಮೆ ಬೇಕು.

ಮಲದ ಬಿಳಿ ಸುಣ್ಣದಂಥ ಭಾಗ ಮೂತ್ರದ್ದು, ಅದನ್ನು ಬಿಡಿ. ಕಂದು ಭಾಗವನ್ನು ಕೈಗವಸು, ಮುಖಗವಸು ಹಾಕಿಕೊಂಡು ತೆಗೆದು, ಪಾತ್ರೆ ತೊಳೆಯುವ ದ್ರವ ನಾಲ್ಕು ಹನಿ ಹಾಕಿದ ನೀರಿನಲ್ಲಿ ರಾತ್ರಿಯಿಡೀ ನೆನೆಸಿ. ಮರುದಿನ ಒಂದು ಮಿಲಿಮೀಟರ್ ಕಣ್ಣಿನ ಜರಡಿಯಲ್ಲಿ ಹರಿವ ನೀರಿನಡಿ ತೊಳೆಯಿರಿ. ಇದನ್ನು ಅಡುಗೆಮನೆಯ ಸಿಂಕ್‌ನಲ್ಲಿ ಮಾಡಬೇಡಿ, ಆ ಜರಡಿಯನ್ನು ಮತ್ತೆ ಹಿಟ್ಟಿಗೆ ಬಳಸಲೂಬೇಡಿ. ಸರೀಸೃಪಗಳ ಮಲದಲ್ಲಿ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಸಾಮಾನ್ಯ. ಉಳಿದ ಕೂದಲನ್ನು ಸ್ಪಿರಿಟ್‌ನಲ್ಲಿ ತೊಳೆದು ಕಾಗದದ ಮೇಲೆ ಒಣಗಿಸಿ.

ಬರಿಗಣ್ಣಿಗೇ ಕೆಲವು ಗೊತ್ತಾಗುತ್ತವೆ. ಒರಟಾಗಿ, ತುದಿ ಸೀಳಿರುವ ಕೂದಲು ಹಂದಿಯದು. ರೇಷ್ಮೆಯಂತೆ ಅತಿ ನವಿರಾಗಿ, ಒಣಗಿದೊಡನೆ ಉಂಡೆಗಟ್ಟುವುದು ಮೊಲದ ಒಳತುಪ್ಪಳ. ಮುಂದಿನ ಹೆಜ್ಜೆಗೆ ಸೂಕ್ಷ್ಮದರ್ಶಕ ಬೇಕು, ಕಾಲೇಜಿನ ಜೀವಶಾಸ್ತ್ರ ಪ್ರಯೋಗಾಲಯದ್ದು ಸಾಕು. ಉದ್ದನೆಯ ಹೊರಗೂದಲನ್ನು ಗ್ಲಿಸರಿನ್ ಹನಿಯಲ್ಲಿಟ್ಟು 400 ಪಟ್ಟು ಹಿಗ್ಗಿಸಿ ನೋಡಿ. ಮೊಲದ ಕೂದಲಿನೊಳಗೆ ಜೋಳದ ತೆನೆಯ ಕಾಳಿನಂತೆ ಹಲವು ಸಾಲು ಕೋಶ ಜೋಡಿಸಿಟ್ಟಂತೆ ಕಾಣುತ್ತದೆ. ಮೇಲ್ಮೈಯ ಹುರುಪೆ ನೋಡಲು ಗಾಜಿನ ಪಟ್ಟಿಗೆ ಬಣ್ಣವಿಲ್ಲದ ಉಗುರುಬಣ್ಣವನ್ನು ತೆಳುವಾಗಿ ಬಳಿದು, ಅದರ ಮೇಲೆ ಕೂದಲಿಟ್ಟು, ಒಣಗಿದ ಮೇಲೆ ಕಿತ್ತು ತೆಗೆಯಿರಿ. ಅಚ್ಚು ಉಳಿಯುತ್ತದೆ. ಬಣ್ಣ ದಪ್ಪವಾಗಿ ಬಳಿದರೆ ಕೂದಲು ಮುಳುಗಿ ಅಚ್ಚು ಮೂಡುವುದಿಲ್ಲ, ಸಾಮಾನ್ಯವಾಗಿ ಕೆಡುವುದು ಇಲ್ಲೇ. ಹೋಲಿಕೆಗೆ ಫ್ರೀಜರ್‌ನಲ್ಲಿರುವ ಇಲಿಯ ಕೂದಲು, ಕಾಣೆಯಾದ ಬೆಕ್ಕು ಮಲಗುತ್ತಿದ್ದ ಹಾಸಿಗೆಯ ಕೂದಲು ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಪುಸ್ತಕದ ಚಿತ್ರಕ್ಕಿಂತ ಈ ಹೋಲಿಕೆ ನೂರು ಪಾಲು ಮೇಲು.

ಗರಿಯಾದರೆ ಬುಡದ ತುಪ್ಪುಳನ್ನು ನೋಡಬೇಕು. ಅದರ ಎಳೆಗಳ ಮೇಲಿನ ಗಂಟುಗಳು ಕೋಳಿ ಬಳಗದಲ್ಲಿ ಉಂಗುರದಂತೆ, ಬಾತುಗಳಲ್ಲಿ ತ್ರಿಕೋನದಂತೆ ಇರುತ್ತವೆ. ಫ್ಲಾರಿಡಾದ ಎವರ್‌ಗ್ಲೇಡ್ಸ್‌ನಲ್ಲಿ ಹಿಡಿದ ಹೆಬ್ಬಾವುಗಳ ಹೊಟ್ಟೆಯಲ್ಲಿ ಸಿಕ್ಕ ಹಕ್ಕಿಗಳ ಜಾತಿಯನ್ನು ಸ್ಮಿತ್ಸೋನಿಯನ್ ಸಂಸ್ಥೆಯ ಗರಿ ಪ್ರಯೋಗಾಲಯ ಹೇಳಿದ್ದು ಗರಿಗಳನ್ನು ಹೀಗೆ ನೋಡಿ, ಸಂಗ್ರಹದ ಹಕ್ಕಿಗಳೊಂದಿಗೆ ಹೋಲಿಸಿಯೇ.

ಎರಡು ಮೋಸಗಳನ್ನು ತಿಳಿದಿರಿ. ಒಂದು ಮಲದಲ್ಲಿ ಎರಡು-ಮೂರು ಊಟದ ಕೂದಲು ಬೆರೆತಿರಬಹುದು, ಹಳೆಯ ಇಲಿಯ ಕೂದಲು ಸಿಕ್ಕಿತೆಂದು ಬೆಕ್ಕನ್ನು ಬಿಟ್ಟುಬಿಡಬೇಡಿ. ಎರಡನೆಯದು, ಹಾವು ನುಂಗಿದ ಬೆಕ್ಕಿನ ಹೊಟ್ಟೆಯಲ್ಲೇ ಇಲಿ ಇದ್ದಿರಬಹುದು.

ನಮ್ಮ ಊರಿನ ಹೆಬ್ಬಾವಿಗೆ

ಮಲೆನಾಡಿನಲ್ಲಿ, ಕರಾವಳಿಯಲ್ಲಿ ಕೋಳಿಗೂಡಿನೊಳಗೆ ಹೊಟ್ಟೆ ಉಬ್ಬಿಸಿಕೊಂಡು ಬಿದ್ದ ಹೆಬ್ಬಾವು ಸಿಗುವುದು ಹೊಸತಲ್ಲ. ನುಂಗಿದ ಮೇಲೆ ಬಂದ ದಾರಿಯಲ್ಲಿ ಹೊರಗೆ ಹೋಗಲಾರದೆ ಅದು ಅಲ್ಲೇ ಸಿಕ್ಕಿಬೀಳುತ್ತದೆ. ಒಳಗಿರುವುದು ಹುಂಜವೋ, ಹೆಗ್ಗಣವೋ, ನಾಯಿಮರಿಯೋ ಎಂದು ತಿಳಿಯಲು ಕೋಲಿನಿಂದ ತಿವಿಯುವುದು, ಬಾಲ ಹಿಡಿದು ಎಳೆಯುವುದು ಬೇಡ. ಬೆದರಿದ ಹಾವು ಓಡಲು ಮೈ ಹಗುರ ಮಾಡಿಕೊಳ್ಳಲೆಂದೇ ಕಕ್ಕುತ್ತದೆ. ಸತ್ತ ಕೋಳಿ ಎದ್ದು ಬರುವುದಿಲ್ಲ, ಹಾವಿನ ಜೀವಕ್ಕೂ ಕುತ್ತು. ಅರಣ್ಯ ಇಲಾಖೆಗೆ ತಿಳಿಸಿ, ಅವರು ಬರುವವರೆಗೆ ಕೋಳಿಗಳನ್ನು ಎಣಿಸಿ. ಲೆಕ್ಕ ಸರಿಯಿದ್ದರೆ ಒಳಗಿರುವುದು ಬಹುಶಃ ಹೆಗ್ಗಣ.

ಉತ್ತರ ಬರೆಯುವಾಗ

ಊಹೆಯನ್ನು ಆಧಾರದ ಜೊತೆ ಬರೆಯಿರಿ: "ಮೊಲ, ಖಚಿತ. ಅಂಗಾಲಿನಲ್ಲಿ ತುಪ್ಪಳ, ಹಿಂಗಾಲಿಗೆ ನಾಲ್ಕು ಬೆರಳು, ವಿಡಿಯೊದ ಕೊನೆಯ ಹನ್ನೆರಡು ಸೆಕೆಂಡ್." ಬಾಲ ಮಾತ್ರ ಕಂಡಿದ್ದರೆ "ಇಲಿ, ಬಹುತೇಕ". ಬಣ್ಣ ಮತ್ತು ಗಾತ್ರ ಬಿಟ್ಟು ಬೇರೇನೂ ಸಿಗದಿದ್ದರೆ "ಹೇಳಲಾಗದು" ಎಂದೇ ಬರೆದು, ಹಿಂಗಾಲು ಕಾಣುವ ಇನ್ನೊಂದು ಚಿತ್ರ ಕೇಳಿ.